ಬೇಸಿಗೆ ಟೂರ್ನಮೆಂಟಿನಲ್ಲಿ ಮೀನನ್ನು ದಡಕ್ಕೆ ತರುವುದು ಬೇಡ

ಅಮೆರಿಕದ ಟೆಕ್ಸಾಸ್‌ನಲ್ಲಿ, ಬಾಸ್ ಎಂಬ ಮೀನು ಹಿಡಿಯುವ ನಮ್ಮ ಬಾಸ್ ಫಿಶಿಂಗ್ ಕ್ಲಬ್ಬಿನಲ್ಲಿ ಮುಂದಿನ ವರ್ಷದ ನಿಯಮಗಳ ಚರ್ಚೆ ಶುರುವಾಗಿದೆ. ನಾನು ಒಂದು ಬದಲಾವಣೆ ಕೇಳಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಡೆಯುವ ಟೂರ್ನಮೆಂಟುಗಳಲ್ಲಿ ಮೀನನ್ನು ದಿನವಿಡೀ ಬೋಟಿನ ತೊಟ್ಟಿಯಲ್ಲಿ ಇಟ್ಟುಕೊಂಡು ಸಂಜೆ ತೂಕಕ್ಕೆ ತರುವುದು ಬೇಡ. ಹಿಡಿದ ಜಾಗದಲ್ಲೇ ಅಳೆದು, ಫೋಟೋ ತೆಗೆದು, ಅಲ್ಲೇ ಬಿಟ್ಟುಬಿಡೋಣ. ಇಷ್ಟೇ. ಆದರೆ ಇದಕ್ಕೆ ವಿರೋಧ ಜಾಸ್ತಿ ಇದೆ. ಡಲ್ಲಾಸಿನ ನಮ್ಮ ಕನ್ನಡದ ಗೆಳೆಯರು ಬೇರೆ, "ಹಿಡಿದ ಮೀನನ್ನು ಹೇಗಿದ್ದರೂ ನೀರಿಗೇ ಬಿಡುತ್ತೀರಿ, ಎಲ್ಲಿ ಬಿಟ್ಟರೇನು?" ಎಂದು ಕೇಳಿದರು. ಆ ಪ್ರಶ್ನೆಗೆ ಒಂದು ಸಾಲಿನಲ್ಲಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು, ಇದು ಏನು ಎಂದು ಗೊತ್ತಿಲ್ಲದವರಿಗೆ. ಬಾಸ್ ಎಂದರೆ ನಮ್ಮ ಕಡೆ ಮುಖ್ಯವಾಗಿ ಲಾರ್ಜ್‌ಮೌತ್ ಬಾಸ್. ಹಸಿರು ಮೈ, ಪಕ್ಕೆಯುದ್ದಕ್ಕೂ ಕಪ್ಪು ಪಟ್ಟೆ, ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗುವ ದೊಡ್ಡ ಬಾಯಿ. ಮುಳುಗಿದ ಮರ, ಕಲ್ಲು, ಜೊಂಡಿನ ಮರೆಯಲ್ಲಿ ಹೊಂಚು ಹಾಕಿ ಬೇಟೆಯಾಡುವ ಮೀನು. ಇದರ ವಿಶ್ವದಾಖಲೆ 22 ಪೌಂಡ್ 4 ಔನ್ಸ್, ಅಂದರೆ ಸುಮಾರು 10 ಕಿಲೋ. 1932ರಲ್ಲಿ ಜಾರ್ಜಿಯಾದ ಜಾರ್ಜ್ ಪೆರ್ರಿ ಹಿಡಿದದ್ದು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಅದಕ್ಕೆ ಸರಿಸಮ ಮಾಡಿದರು. ನಾವು ಹಿಡಿಯುವುದು ಎರಡು, ಮೂರು ಪೌಂಡಿನವು. ಐದು ಪೌಂಡಿನದು ಸಿಕ್ಕರೆ ಆ ತಿಂಗಳೆಲ್ಲ ಅದರದೇ ಮಾತು.

ಕ್ಲಬ್ ಟೂರ್ನಮೆಂಟ್ ಎಂದರೆ ಟಿವಿಯಲ್ಲಿ ಬರುವ ದೊಡ್ಡ ಬಹುಮಾನದ ಪಂದ್ಯ ಅಲ್ಲ. ಪ್ಲಂಬರ್, ಶಾಲೆಯ ಮೇಷ್ಟ್ರು, ನಿವೃತ್ತ ಸೈನಿಕ, ನನ್ನಂಥ ಸಾಫ್ಟ್‌ವೇರಿನವರು ತಿಂಗಳಿಗೊಮ್ಮೆ ಒಂದು ಜಲಾಶಯದಲ್ಲಿ ಸೇರುತ್ತೇವೆ. ಚೀಟಿ ಎತ್ತಿ ಜೋಡಿ ಮಾಡುತ್ತಾರೆ. ಬೋಟಿನವರು ಮುಂದೆ, ಬೋಟಿಲ್ಲದವರು ಹಿಂದೆ. ದಿನದ ಕೊನೆಗೆ ಒಬ್ಬೊಬ್ಬರೂ ತಮ್ಮ ಅತಿ ದೊಡ್ಡ ಐದು ಮೀನು ತೂಗಬಹುದು. ಟೆಕ್ಸಾಸ್‌ನ ಸಾಮಾನ್ಯ ನಿಯಮದಂತೆ ಒಂದೊಂದೂ 14 ಇಂಚಿಗೆ ಕಡಿಮೆ ಇರಬಾರದು. ವರ್ಷದ ಕೊನೆಗೆ ಅಂಕ ಕೂಡಿಸಿ ಮೊದಲಿಗರನ್ನು ಆರಿಸುತ್ತಾರೆ. ಅಲ್ಲಿಂದ ರಾಜ್ಯ ಮಟ್ಟ, ಅಲ್ಲಿಂದ ಮೇಲಕ್ಕೂ ದಾರಿ ಇದೆ. 1994ರಲ್ಲಿ ಕನೆಕ್ಟಿಕಟ್‌ನ ಬ್ರಯಾನ್ ಕೆರ್ಚಲ್ ಎಂಬ ಹುಡುಗ, ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದವನು, ಹೀಗೆ ಕ್ಲಬ್ಬಿನಿಂದಲೇ ಹತ್ತಿ ಬಂದು ಈ ಆಟದ ದೊಡ್ಡ ಪಂದ್ಯವಾದ ಬಾಸ್‌ಮಾಸ್ಟರ್ ಕ್ಲಾಸಿಕ್ ಗೆದ್ದ. ಆಗ ಅವನಿಗೆ 23 ವರ್ಷ. ಅದೇ ಡಿಸೆಂಬರಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ. ಕ್ಲಬ್ಬುಗಳಲ್ಲಿ ಅವನ ಹೆಸರನ್ನು ಇವತ್ತಿಗೂ ಪ್ರೀತಿಯಿಂದ ಹೇಳುತ್ತಾರೆ.

ಇದರಲ್ಲಿ ನನಗೆ ಅತಿ ಇಷ್ಟವಾದದ್ದು ತಯಾರಿ. ಗಾಳ ಹಾಕಿ ಸುಮ್ನೆ ಕೂರುವ ಆಟ ಇದಲ್ಲ. ಲೇಕ್ ಫೋರ್ಕ್‌ನ ಉದಾಹರಣೆ ಕೊಡುತ್ತೇನೆ. ಡಲ್ಲಾಸಿನಿಂದ ಪೂರ್ವಕ್ಕೆ ಒಂದೂವರೆ ಗಂಟೆಯ ದಾರಿ. 1980ರಲ್ಲಿ ಅಣೆಕಟ್ಟು ಮುಗಿದಾಗ ಮರಗಳನ್ನು ಕಡಿಯದೆ ಹಾಗೇ ಮುಳುಗಲು ಬಿಟ್ಟರು. ಈಗಲೂ ನೀರಿನ ಮೇಲೆ ಬೋಳು ಕೊಂಬೆಗಳು ಕಾಣುತ್ತವೆ. ಟೆಕ್ಸಾಸ್‌ನ ದಾಖಲೆ ಬಾಸ್, 18.18 ಪೌಂಡಿನದು, 1992ರ ಜನವರಿಯಲ್ಲಿ ಸಿಕ್ಕಿದ್ದು ಅಲ್ಲೇ. ಅಷ್ಟು ದೊಡ್ಡ ನೀರಿನಲ್ಲಿ ಮೀನು ಎಲ್ಲಿದೆ ಎಂದು ಹುಡುಕಬೇಕು. ಹಾಗಾಗಿ ಮೊದಲು ನಕ್ಷೆ ಹಿಡಿದು ಕೂರುತ್ತೇನೆ. ಮುಳುಗಿದ ಹಳ್ಳ ಎಲ್ಲಿ ತಿರುಗುತ್ತದೆ, ಹಳೆಯ ರಸ್ತೆ ಎಲ್ಲಿ ಅದನ್ನು ದಾಟುತ್ತದೆ, ಯಾವ ದಿಬ್ಬ ಆಳಕ್ಕೆ ಚಾಚಿಕೊಂಡಿದೆ. ಮೊಟ್ಟೆ ಇಡುವ ಕಾಲ ಮುಗಿದು ಬಿಸಿಲು ಏರಿದ ಮೇಲೆ ದೊಡ್ಡ ಮೀನುಗಳು ಇಂಥ ಅಂಚುಗಳಿಗೆ ಸರಿಯುತ್ತವೆ. ಬೆಳಗಿನ ಜಾವ ಶ್ಯಾಡ್ ಎಂಬ ಸಣ್ಣ ಮೀನಿನ ಹಿಂಡನ್ನು ಅಟ್ಟಿಸಿಕೊಂಡು ಮೇಲೆ ಬಂದು, ಹೊತ್ತೇರಿದಂತೆ ಇಪ್ಪತ್ತು, ಇಪ್ಪತ್ತೈದು ಅಡಿ ಆಳಕ್ಕೆ ಇಳಿಯುತ್ತವೆ.

ಆಮೇಲೆ ಅಭ್ಯಾಸದ ದಿನ. ಹೊಸಬರಿಗೆ ಇದು ವಿಚಿತ್ರ ಎನಿಸಬಹುದು. ಅವತ್ತು ಮೀನು ಹಿಡಿಯಬಾರದು. ಗಾಳದ ಮೊನೆಯನ್ನು ಇಕ್ಕಳದಿಂದ ಒಳಕ್ಕೆ ಬಗ್ಗಿಸಿ, ಅದರ ಮೇಲೆ ಪ್ಲಾಸ್ಟಿಕ್ ಹುಳು ಏರಿಸುತ್ತೇವೆ. ತಳ ಮುಟ್ಟುವ ತನಕ ಇಳಿಬಿಟ್ಟು ನಿಧಾನವಾಗಿ ಎಳೆಯಬೇಕು. ಕಲ್ಲು ತಾಗಿದರೆ ಕೈಗೆ ಗರಗರ ಎಂದು ಗೊತ್ತಾಗುತ್ತದೆ. ಮರ ತಾಗಿದರೆ ಭಾರವಾಗಿ ತಡೆದು ಬಿಡುತ್ತದೆ. ಮೀನು ಬಾಯಿ ಹಾಕಿದರೆ ಟಕ್ ಎಂದು ಒಂದೇ ಏಟು, ಆಮೇಲೆ ದಾರ ತಾನಾಗಿ ಪಕ್ಕಕ್ಕೆ ಸರಿಯತೊಡಗುತ್ತದೆ. ಅಷ್ಟೊತ್ತಿಗೆ ಕೈ ತಾನೇ ಮೇಲೇಳಲು ನೋಡುತ್ತದೆ. ಏಳಿಸಬಾರದು. ದಾರ ಸಡಿಲ ಬಿಟ್ಟರೆ ಮೀನು ಹುಳುವನ್ನು ಉಗಿದು ಹೋಗುತ್ತದೆ. ಜಾಗ ಗುರುತು ಹಾಕಿಕೊಂಡು ಮುಂದಕ್ಕೆ ಹೋಗುತ್ತೇವೆ. ಇವತ್ತು ಗಾಳದ ಪೆಟ್ಟು ತಿಂದ ಮೀನು ನಾಳೆ ಬಾಯಿ ಹಾಕುವುದಿಲ್ಲ. ಇಷ್ಟು ತಾಳ್ಮೆ ಕಲಿಸುವ ಇನ್ನೊಂದು ಆಟ ನನಗೆ ಗೊತ್ತಿಲ್ಲ.

(ಶಬ್ದದ ಅಲೆಗಳಿಂದ ನೀರಿನೊಳಗನ್ನು ತೋರಿಸುವ ಲೈವ್ ಸೋನಾರ್ ಬಗ್ಗೆ ಕೇಳುವವರಿಗೆ: ಗಾರ್ಮಿನ್ ಕಂಪನಿ 2018ರಲ್ಲಿ ಲೈವ್‌ಸ್ಕೋಪ್ ಎಂಬ ಅಂಥ ಸೋನಾರ್ ತಂದ ಮೇಲೆ ಮೀನು ಈಜುವುದನ್ನು ಪರದೆಯ ಮೇಲೆ ನೇರವಾಗಿ ನೋಡಬಹುದು. ವೃತ್ತಿಪರ ಪಂದ್ಯಗಳಲ್ಲೇ ಅದಕ್ಕೆ ಕಡಿವಾಣ ಬೀಳುತ್ತಿದೆ. ನನ್ನ ಬೋಟಿನಲ್ಲಿ ಅದಿಲ್ಲ. ಅದರ ಜಗಳ ಇನ್ನೊಂದು ದಿನ ಆಡೋಣ.)

ಹಿಂದಿನ ರಾತ್ರಿಯ ಕೆಲಸ ಎಲ್ಲರಿಗೂ ಒಂದೇ. ದಾರವನ್ನು ಬೆರಳಲ್ಲಿ ಸವರಿ ಎಲ್ಲಾದರೂ ತರಚಿದೆಯೇ ನೋಡುವುದು, ಗಂಟು ಹೊಸದಾಗಿ ಹಾಕುವುದು, ಬ್ಯಾಟರಿ ಚಾರ್ಜಿಗೆ ಹಾಕುವುದು, ಟ್ರೈಲರಿನ ಚಕ್ರ ನೋಡುವುದು. ಲೈಫ್ ಜಾಕೆಟ್ ಮತ್ತು ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ಬಳ್ಳಿ ಎತ್ತಿಡುವುದು. 2021ರ ಏಪ್ರಿಲ್‌ನಿಂದ ಸಣ್ಣ ಬೋಟುಗಳಲ್ಲಿ ಆ ಬಳ್ಳಿ ಕಟ್ಟಿಕೊಳ್ಳುವುದು ಅಮೆರಿಕದ ಕೇಂದ್ರ ಸರ್ಕಾರದ ನಿಯಮದಂತೆ ಕಡ್ಡಾಯ. ಇದೆಲ್ಲ ಎಲ್ಲರೂ ಶ್ರದ್ಧೆಯಿಂದ ಮಾಡುತ್ತಾರೆ. ಹಿಡಿದ ಮೀನಿಗಾಗಿ ಏನು ತಯಾರಿ ಮಾಡಿಕೊಂಡಿರಿ ಎಂದು ಕೇಳಿ ನೋಡಿ. ಉತ್ತರ ಕೊಡುವವರು ಕಡಿಮೆ.

ನನ್ನ ತಕರಾರು ಶುರುವಾಗುವುದು ಇಲ್ಲಿಂದ. ಬೋಟಿನ ಒಳಗೆ ಲೈವ್‌ವೆಲ್ ಎಂಬ ತೊಟ್ಟಿ ಇರುತ್ತದೆ. ಪಂಪು ಕೆರೆಯ ನೀರನ್ನು ಎಳೆದು ತುಂಬುತ್ತದೆ. ಏಪ್ರಿಲ್‌ನಲ್ಲಿ, ನೀರು 20 ಡಿಗ್ರಿ ಇರುವಾಗ, ಇದು ಚೆನ್ನಾಗಿಯೇ ನಡೆಯುತ್ತದೆ. ಅಷ್ಟು ತಂಪಿನ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. ಜುಲೈನಲ್ಲಿ ನಮ್ಮ ಜಲಾಶಯಗಳ ಮೇಲ್ನೀರು 30 ಡಿಗ್ರಿ ಮುಟ್ಟುತ್ತದೆ. ಆಗ ಆ ಆಮ್ಲಜನಕ ಏಳೂವರೆ ಮಿಲಿಗ್ರಾಂಗೆ ಇಳಿಯುತ್ತದೆ. ನೀರು ಬಿಸಿಯಾದಷ್ಟೂ ಮೀನಿಗೆ ಬೇಕಾಗುವ ಉಸಿರು ಜಾಸ್ತಿ, ಸಿಗುವುದು ಮಾತ್ರ ಕಡಿಮೆ. ಒಂದು ಸಣ್ಣ ತೊಟ್ಟಿಯಲ್ಲಿ ಐದು ಬಾಸ್. ಬೋಟು ಅಲೆಯ ಮೇಲೆ ಹಾರುತ್ತಾ ಹೋಗುತ್ತದೆ, ತೊಟ್ಟಿಯ ಗೋಡೆಗೆ ಮೀನು ಬಡಿಯುತ್ತದೆ. ಆಳದಿಂದ ಬಂದ ಮೀನಾದರೆ ಹೊಟ್ಟೆಯೊಳಗಿನ ಗಾಳಿಚೀಲ ಉಬ್ಬಿರುತ್ತದೆ. ಅದು ನೆಟ್ಟಗೆ ನಿಲ್ಲಲಾರದೆ ಅಡ್ಡ ಮಲಗುತ್ತದೆ.

ಬಲ್ಲವರು ಇದಕ್ಕೆ ಉಪಾಯ ಮಾಡುತ್ತಾರೆ. ನೀರಿನ ಬಾಟಲಿಗಳನ್ನು ಫ್ರೀಜರಿನಲ್ಲಿ ಗಟ್ಟಿ ಮಾಡಿ ತರುತ್ತಾರೆ. ಒಂದೊಂದಾಗಿ ತೊಟ್ಟಿಗೆ ಹಾಕಿ, ಕೆರೆಗಿಂತ ನಾಲ್ಕೈದು ಡಿಗ್ರಿ ತಂಪು ಮಾಡುತ್ತಾರೆ, ಅದಕ್ಕಿಂತ ಜಾಸ್ತಿ ಮಾಡಬಾರದು. ಮುಚ್ಚಿದ ಬಾಟಲಿಯಾದರೆ ನಲ್ಲಿ ನೀರಿನ ಕ್ಲೋರಿನ್ ಮೀನಿಗೆ ತಾಗುವುದಿಲ್ಲ. ಪಂಪನ್ನು ಆರಿಸುವುದೇ ಇಲ್ಲ. ನಾನೂ ಇದನ್ನೆಲ್ಲ ಮಾಡುತ್ತೇನೆ, ಹೊಸಬರಿಗೂ ಹೇಳಿಕೊಡುತ್ತೇನೆ. ಆದರೆ ತೊಟ್ಟಿಯಿಂದ ತಕ್ಕಡಿಯ ತನಕ ಇನ್ನೊಂದು ದಾರಿ ಇದೆ ನೋಡಿ, ಅಲ್ಲಿ ಈ ಜಾಣತನ ಯಾವುದೂ ನಡೆಯುವುದಿಲ್ಲ.

ಜುಲೈ ಮಧ್ಯಾಹ್ನದ ವೇ-ಇನ್, ಅಂದರೆ ಮೀನು ತೂಗುವ ಕಾರ್ಯಕ್ರಮ, ಹೀಗಿರುತ್ತದೆ. ಐದೂ ಮೀನನ್ನು ಒಂದು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಸ್ವಲ್ಪ ನೀರಿನ ಜೊತೆ ತುಂಬುತ್ತಾರೆ. ಬೋಟು ನೀರಿಗಿಳಿಸುವ ಇಳಿಜಾರಿನ, ಅಂದರೆ ರ್ಯಾಂಪಿನ, ಕಾಂಕ್ರೀಟ್ ಕಾದಿರುತ್ತದೆ. ಸಾಲು ನಿಂತಿರುತ್ತದೆ. ಚೀಲದ ನೀರಿನಲ್ಲಿರುವ ಆಮ್ಲಜನಕ ಕೆಲವೇ ನಿಮಿಷಕ್ಕೆ ಖಾಲಿ. ಸಾಲಿನಲ್ಲಿ ಮಾತು, ನಗು, ಫೋಟೋ. ಚೀಲದೊಳಗೆ ಮೀನಿನ ಕಿವಿರು ಮೊದಲು ಜೋರಾಗಿ ಬಡಿಯುತ್ತದೆ, ಆಮೇಲೆ ತಡೆ ತಡೆದು. ಹಸಿರು ಬಣ್ಣ ಮಸುಕಾಗಿ, ಈಜುರೆಕ್ಕೆಯ ತುದಿಗಳಲ್ಲಿ ರಕ್ತದ ಕೆಂಪು ಕಾಣಿಸಿಕೊಳ್ಳುತ್ತದೆ. ತೂಕ ಆದ ಮೇಲೆ ನೀರಿಗೆ ಬಿಡುತ್ತಾರೆ. ಬಾಲ ಆಡಿಸಿ ಕೆಳಗೆ ಹೋಗುತ್ತದೆ. "ನೋಡು, ಚೆನ್ನಾಗಿಯೇ ಹೋಯಿತು" ಎನ್ನುತ್ತಾರೆ. ಸತ್ತ ಮೀನಿಗೆ ತೂಕದಲ್ಲಿ ದಂಡ ಇದೆ. ಬದುಕಿದ್ದಂತೆ ಕಂಡು, ಎರಡು ಮೂರು ದಿನ ಬಿಟ್ಟು ಸಾಯುವ ಮೀನಿಗೆ ಯಾವ ಲೆಕ್ಕವೂ ಇಲ್ಲ. ಬಿಸಿ ನೀರಿನ ಕಾಲದಲ್ಲಿ ಹೀಗೆ ತಡವಾಗಿ ಸಾಯುವ ಮೀನು ಜಾಸ್ತಿ ಎಂಬುದು ಮೀನುಗಾರಿಕೆ ತಜ್ಞರಿಗೆ ಎಂದಿನಿಂದಲೋ ಗೊತ್ತಿರುವ ವಿಷಯ. ಉಳಿದುಕೊಂಡವೂ ತಮ್ಮ ಜಾಗಕ್ಕೆ ಬೇಗ ಮರಳುವುದಿಲ್ಲ. ಎಷ್ಟೋ ಮೀನುಗಳು ಬಿಟ್ಟ ರ್ಯಾಂಪಿನ ಸುತ್ತಲೇ ವಾರಗಟ್ಟಲೆ ತಿರುಗುತ್ತವೆ. ಎಲ್ಲಿ ಬಿಟ್ಟರೇನು ಎಂದು ಕೇಳಿದ ಗೆಳೆಯರಿಗೆ ಇದೇ ನನ್ನ ಉತ್ತರ.

"ನಮ್ಮ ಆಟದ ಸಂಪ್ರದಾಯ ಬದಲಿಸಬೇಡಿ" ಎನ್ನುವ ಹಿರಿಯರ ಮೇಲೆ ನನಗೆ ತುಂಬಾ ಗೌರವ. ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಜಿಗ್ ಎಂಬ ಭಾರದ ಗಾಳ ಎಸೆಯಲು ಕಲಿಸಿದವರು ಅವರೇ. ಆದರೆ ಸಂಪ್ರದಾಯವೇ ಬದಲಾಗುತ್ತಾ ಬಂದಿದೆ. 1967ರಲ್ಲಿ ಅರ್ಕನ್ಸಾಸ್‌ನ ಬೀವರ್ ಲೇಕ್‌ನಲ್ಲಿ ರೇ ಸ್ಕಾಟ್ ಮೊದಲ ದೊಡ್ಡ ಪಂದ್ಯ ನಡೆಸಿದಾಗ ಮೀನನ್ನು ಹಗ್ಗಕ್ಕೆ ಪೋಣಿಸಿ ತರುತ್ತಿದ್ದರು. ಅದೇ ರೇ ಸ್ಕಾಟ್ 1972ರಲ್ಲಿ "ಹಿಡಿದದ್ದನ್ನು ಕೊಲ್ಲಬೇಡಿ" ಎಂದು ಹೊರಟರು. ಮೀನು ಬಿಟ್ಟರೆ ಅದು ಟೂರ್ನಮೆಂಟೇ ಅಲ್ಲ ಎಂದು ಆಗಲೂ ಅನಿಸಿದವರು ಇದ್ದೇ ಇರುತ್ತಾರೆ. ಇವತ್ತು ಮೀನು ವಾಪಸ್ ಬಿಡದ ಬಾಸ್ ಟೂರ್ನಮೆಂಟನ್ನು ಯಾರಾದರೂ ಒಪ್ಪುತ್ತಾರಾ?

ಎರಡನೆಯ ಆಕ್ಷೇಪ ಮೋಸದ್ದು. ತಕ್ಕಡಿಯ ಮುಂದೆ ಮೀನು ಇಲ್ಲದಿದ್ದರೆ ಸುಳ್ಳು ಹೇಳುತ್ತಾರೆ ಎನ್ನುತ್ತಾರೆ. 2022ರ ಸೆಪ್ಟೆಂಬರ್ ಕೊನೆಯಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ, ಲೇಕ್ ಈರಿಯ ವಾಲೈ ಮೀನಿನ ಟೂರ್ನಮೆಂಟಿನಲ್ಲಿ ಏನಾಯಿತು? ಎಲ್ಲರ ಕಣ್ಣೆದುರೇ ತೂಗಿದ ಮೀನುಗಳ ಹೊಟ್ಟೆ ಸೀಳಿದಾಗ ಸೀಸದ ಗುಂಡುಗಳು ಬಿದ್ದವು. ಆ ಮೀನು ತಂದ ಇಬ್ಬರಿಗೂ ಮರುವರ್ಷ ಹತ್ತು ದಿನ ಜೈಲಾಯಿತು, ಬೋಟೂ ಹೋಯಿತು. ಮೋಸ ಮಾಡುವವನನ್ನು ತಕ್ಕಡಿ ತಡೆಯುವುದಿಲ್ಲ. ನಮ್ಮಲ್ಲಿ ಬೋಟಿನೊಳಗೇ ಚೀಟಿಯಲ್ಲಿ ಬಂದ ಇನ್ನೊಬ್ಬ ಸ್ಪರ್ಧಿ ಕೂತಿರುತ್ತಾನೆ. ಅವನಿಗಿಂತ ಒಳ್ಳೆಯ ಸಾಕ್ಷಿ ಬೇಕಾ?

ದಾರಿ ಹೊಸದೂ ಅಲ್ಲ. ಕಯಾಕ್ ಎಂಬ ಸಣ್ಣ ದೋಣಿಯ ಟೂರ್ನಮೆಂಟಿನವರು ಹೀಗೇ ನಡೆಸುತ್ತಾರೆ. ಅಳತೆ ಹಲಗೆಯ ಮೇಲೆ ಮೀನು, ಪಕ್ಕದಲ್ಲಿ ಅವತ್ತಿನ ಗುರುತಿನ ಚೀಟಿ, ಒಂದು ಫೋಟೋ, ಮೀನು ವಾಪಸ್. ಮೇಜರ್ ಲೀಗ್ ಫಿಶಿಂಗ್ ಸಂಸ್ಥೆಯ ಬಾಸ್ ಪ್ರೋ ಟೂರ್ ಎಂಬ ದೊಡ್ಡ ವೃತ್ತಿಪರ ಸರಣಿಯಲ್ಲೂ ಬೋಟಿನಲ್ಲೇ ತೂಗಿ ಆ ಕ್ಷಣವೇ ಬಿಡುತ್ತಾರೆ. ಲೇಕ್ ಫೋರ್ಕ್‌ನಲ್ಲಂತೂ 16ರಿಂದ 24 ಇಂಚಿನ ಬಾಸನ್ನು ಇಟ್ಟುಕೊಳ್ಳುವುದೇ ನಿಷಿದ್ಧ. ಹಾಗಾಗಿ ಅಲ್ಲಿ ಒಳ್ಳೆಯ ಮೀನುಗಳೆಲ್ಲ ತಕ್ಕಡಿಯಿಂದ ಹೊರಗೇ ಉಳಿಯುತ್ತವೆ. ಅಳೆದು ಬಿಟ್ಟರೆ ಅವೂ ಲೆಕ್ಕಕ್ಕೆ ಬರುತ್ತವೆ. ಉದ್ದ ಒಂದೇ ಇದ್ದರೂ ತೂಕ ಬೇರೆ ಬೇರೆ ಎಂಬ ಮಾತು ನಿಜ. ದಪ್ಪ ಮೀನು ಹಿಡಿದವರಿಗೆ ಸ್ವಲ್ಪ ನಷ್ಟ ಆಗುತ್ತದೆ. ಅಷ್ಟನ್ನು ನಾವು ತಡೆದುಕೊಳ್ಳಬಹುದು ಅನ್ನುವುದು ನನ್ನ ಅಭಿಪ್ರಾಯ.

ನಾನು ಮಲೆನಾಡಿನವನು. ಮೊದಲ ಮಳೆಗೆ ಹೊಳೆಯಿಂದ ಹಳ್ಳ, ಗದ್ದೆಗೆ ಏರಿ ಬರುವ ಹತ್ತುಮೀನಿನ ಸಂಭ್ರಮ ನೋಡುತ್ತಲೇ ಬೆಳೆದವನು. ಟಾರ್ಚು, ಕತ್ತಿ, ಮೀನು ಬೀಳಿಸುವ ಕೂಣಿ ಹಿಡಿದು ರಾತ್ರಿಯಿಡೀ ಊರಿಗೆ ಊರೇ ಎದ್ದಿರುತ್ತಿತ್ತು. ಅದು ಊಟಕ್ಕೆ ಹಿಡಿಯುವ ಮೀನು, ಅದರ ರುಚಿ ಇವತ್ತಿಗೂ ನಾಲಿಗೆಯಲ್ಲಿದೆ. ಆದರೆ ಬರುವುದೆಲ್ಲ ಮೊಟ್ಟೆ ತುಂಬಿದ ಮೀನು. ಆ ಹೊತ್ತಿನಲ್ಲಿ ಹಿಡಿಯಬೇಡಿ ಎಂದು ಅಲ್ಲಿ ಹೇಳುವವರು ಈಗ ಇದ್ದಾರೆ, ಕೇಳುವವರೂ ನಿಧಾನಕ್ಕೆ ಹುಟ್ಟುತ್ತಿದ್ದಾರೆ. ತಿನ್ನಲು ಹಿಡಿಯುವವರೇ ಕಾಲ ನೋಡಿ ಕೈ ತಡೆಯಬಹುದಾದರೆ, ಬರೀ ಆಟಕ್ಕಾಗಿ ಹಿಡಿಯುವ ನಮಗೆ ನಾಲ್ಕು ತಿಂಗಳು ತೊಟ್ಟಿ ಖಾಲಿ ಇಡುವುದು ಕಷ್ಟವಾಗಬಾರದು.

ನನ್ನ ಪ್ರಸ್ತಾಪದಲ್ಲಿ ಇರುವುದು ಇಷ್ಟು. ನಾಲ್ಕು ತಿಂಗಳು ಉದ್ದದ ಲೆಕ್ಕ, ಅತಿ ಉದ್ದದ ಐದು ಮೀನು. ಎಲ್ಲ ಬೋಟುಗಳಿಗೂ ಕ್ಲಬ್ಬಿನಿಂದ ಒಂದೇ ನಮೂನೆಯ ಹಲಗೆ. ಹಲಗೆಯನ್ನು ಮೊದಲು ನೀರಿನಲ್ಲಿ ಅದ್ದಿ ಒದ್ದೆ ಮಾಡಬೇಕು, ಒಣಗಿದ ಬಿಸಿ ಹಲಗೆ ಮೀನಿನ ಮೈಮೇಲಿನ ಲೋಳೆಯನ್ನು ಕಿತ್ತುಬಿಡುತ್ತದೆ. ಜೋಡಿಯ ಸಹಿ ಕಡ್ಡಾಯ. ಅಕ್ಟೋಬರ್‌ನಿಂದ ಮೇ ತನಕ ವೇ-ಇನ್ ಎಂದಿನಂತೆ ಇರಲಿ. ಕ್ಲಬ್ಬಿನ ಗೆಳೆಯರಲ್ಲಿ ಕನ್ನಡ ಓದಬಲ್ಲವರು ಇಲ್ಲವಾದ್ದರಿಂದ ಇದನ್ನೇ ಇಂಗ್ಲಿಷಿನಲ್ಲೂ ಬರೆದು ಸಭೆಗೆ ಕೊಟ್ಟಿದ್ದೇನೆ. ಇಲ್ಲಿನ ಕನ್ನಡಿಗರಲ್ಲಿ ಯಾರಿಗಾದರೂ ಬಂದು ನೋಡುವ ಮನಸ್ಸಿದ್ದರೆ ಹೇಳಿ. ಟೆಕ್ಸಾಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯ ಮೀನುಗಾರಿಕೆ ಲೈಸೆನ್ಸ್ ಮೊದಲೇ ಮಾಡಿಸಿಕೊಳ್ಳಿ, ಆನ್‌ಲೈನಿನಲ್ಲೇ ಸಿಗುತ್ತದೆ. ರಾಡು, ಗಾಳ, ಟೋಪಿ ನನ್ನ ಹತ್ತಿರ ಇವೆ. ಹಿಂದಿನ ಸೀಟು ಖಾಲಿ ಇದೆ, ಹಲಗೆ ಹಿಡಿಯಲು ಒಬ್ಬರು ಬೇಕು.