ಆ ‘ವಿ’ಯೊಳಗೆ ನಾವಿದ್ದೇವೆಯೇ?

ರಾಜಕಾರಣಿಯೊಬ್ಬರು ಇಂಗ್ಲಿಷಿನಲ್ಲಿ ಭಾಷಣ ಮಾಡಿದಾಗ ಅವರು ಏನನ್ನು ಘೋಷಿಸಿದರು ಎಂಬುದಕ್ಕಿಂತ ಮೊದಲು ‘ಐ’ (ನಾನು) ಎಲ್ಲಿ ಬಂತು, ‘ವಿ’ (ನಾವು) ಎಲ್ಲಿ ಬಂತು ಎಂಬುದನ್ನು ಗಮನಿಸಬೇಕೆಂಬುದು ನನ್ನ ಅಭಿಪ್ರಾಯ. ತಾವು ಯಾರು, ಯಾರ ಕಡೆಯವರು, ಯಾರನ್ನು ಹೊರಗಿಟ್ಟಿದ್ದಾರೆ ಎಂಬುದನ್ನೆಲ್ಲ ಅವರು ಈ ಪುಟ್ಟ ಸರ್ವನಾಮಗಳಲ್ಲೇ ಹೇಳಿ ಮುಗಿಸಿರುತ್ತಾರೆ. ಇದನ್ನು ಹಿಡಿಯಲು ನಮ್ಮ ಭಾಗದವರಿಗೆ ಒಂದು ಅನುಕೂಲವಿದೆ. ಬಳ್ಳಾರಿ, ಸಿರುಗುಪ್ಪಗಳಲ್ಲಿ, ಸಿಂಧನೂರು ಮತ್ತು ಗಂಗಾವತಿ ಕಡೆ ಆಂಧ್ರದಿಂದ ಬಂದ ರೈತರು ನೆಲೆಸಿದ ಕ್ಯಾಂಪುಗಳಲ್ಲಿ ತೆಲುಗು ಕೇಳುತ್ತಲೇ ಬೆಳೆದವರಿಗೆ ‘ಮನಂ’ ಬೇರೆ, ‘ಮೇಮು’ ಬೇರೆ ಎಂಬುದು ಗೊತ್ತು. ಮೊದಲನೆಯದರಲ್ಲಿ ಕೇಳುವವರೂ ಸೇರಿದ್ದಾರೆ, ಎರಡನೆಯದರಲ್ಲಿ ಅವರಿಲ್ಲ. ನಮ್ಮ ಇಂದಿನ ಕನ್ನಡದ ‘ನಾವು’ ಆಗಲಿ ಇಂಗ್ಲಿಷಿನ ‘ವಿ’ ಆಗಲಿ ಈ ಭೇದವನ್ನು ತೋರಿಸುವುದಿಲ್ಲ. ಆದ್ದರಿಂದ ಇಂಗ್ಲಿಷ್ ಭಾಷಣ ಕೇಳುವಾಗ, ಇದು ಮನಮೋ ಮೇಮೋ ಎಂದು ಕೇಳಿಕೊಳ್ಳುವುದು ನನಗೆ ಅಭ್ಯಾಸವಾಗಿದೆ.

ಎರಡನೇ ಮಹಾಯುದ್ಧದ ನಡುವೆ, 1940ರ ಜೂನ್ 4ರಂದು, ಬ್ರಿಟನ್ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ಬ್ರಿಟಿಷ್ ಸಂಸತ್ತಿನಲ್ಲಿ ಮಾಡಿದ ಭಾಷಣವನ್ನೇ ತೆಗೆದುಕೊಳ್ಳೋಣ. ಕಡಲತೀರಗಳಲ್ಲಿ, ಹೊಲಗಳಲ್ಲಿ, ಬೀದಿಗಳಲ್ಲಿ ಹೋರಾಡುತ್ತೇವೆ ಎನ್ನುವ ‘ವಿ ಶಲ್ ಫೈಟ್’ ಸಾಲುಗಳು ಎಲ್ಲರಿಗೂ ಪರಿಚಿತ. ಅಲ್ಲಿಗೆ ಅವರು ಹೇಗೆ ಬಂದರು ಎಂಬುದು ನನಗೆ ಹೆಚ್ಚು ಕುತೂಹಲಕರ. ತಮಗೆ ಪೂರ್ಣ ವಿಶ್ವಾಸವಿದೆ ಎಂದು ‘ಐ’ಯಿಂದ ತೊಡಗಿ, ಇದು ಸರ್ಕಾರದ ಸಂಕಲ್ಪ, ಇದು ಸಂಸತ್ತಿನ ಮತ್ತು ರಾಷ್ಟ್ರದ ಇಚ್ಛೆ ಎಂದು ಒಂದೊಂದೇ ಮೆಟ್ಟಿಲು ಹತ್ತಿ, ಆಮೇಲಷ್ಟೇ ಅವರು ಆ ಪ್ರಸಿದ್ಧ ‘ವಿ’ಯನ್ನು ಬಳಸುತ್ತಾರೆ. ಕಡೆಯಲ್ಲಿ, ಒಂದು ವೇಳೆ ಈ ದ್ವೀಪವೇ ಶತ್ರುವಿನ ವಶವಾದರೂ ಕಡಲಾಚೆಯ ‘ಅವರ್ ಎಂಪೈರ್’ (ನಮ್ಮ ಸಾಮ್ರಾಜ್ಯ) ಹೋರಾಟವನ್ನು ಮುಂದುವರಿಸುತ್ತದೆ ಎನ್ನುತ್ತಾರೆ. ಆ ದಿನ ಬಳ್ಳಾರಿ ಮದ್ರಾಸ್ ಪ್ರಾಂತ್ಯದ ಒಂದು ಜಿಲ್ಲೆಯಾಗಿತ್ತು; ರಾಯಚೂರು, ಕೊಪ್ಪಳ ನಿಜಾಮರ ಆಳ್ವಿಕೆಯಲ್ಲಿದ್ದವು. 1939ರ ಸೆಪ್ಟೆಂಬರ್‌ನಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಭಾರತೀಯ ನಾಯಕರ ಅಭಿಪ್ರಾಯ ಕೇಳದೆಯೇ ಭಾರತವೂ ಯುದ್ಧದಲ್ಲಿದೆ ಎಂದು ಘೋಷಿಸಿದ್ದರಿಂದ, ಮದ್ರಾಸಿನ ರಾಜಾಜಿ ಮಂತ್ರಿಮಂಡಲವೂ ಸೇರಿದಂತೆ ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆ ಕೊಟ್ಟಿದ್ದವು. ಅಂದರೆ ಚರ್ಚಿಲ್ಲರ ‘ಅವರ್’ನಲ್ಲಿ ಬಳ್ಳಾರಿ ಆಸ್ತಿಯಾಗಿ ಇತ್ತು, ‘ವಿ’ಯಲ್ಲಿ ಪಾಲುದಾರನಾಗಿ ಇರಲಿಲ್ಲ. ಭಾಷಣ ದೊಡ್ಡದೇ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಅದನ್ನು ಓದುವಾಗ ನಮ್ಮವರು ತಾವೂ ಅದರೊಳಗೆ ಇದ್ದಂತೆ ರೋಮಾಂಚನಗೊಳ್ಳುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

‘ಐ’ ಎಂದರೆ ಅಹಂಕಾರ, ‘ವಿ’ ಎಂದರೆ ವಿನಯ ಎಂಬುದು ಸಾಮಾನ್ಯ ತೀರ್ಪು. 2016ರ ಅಮೆರಿಕದ ಚುನಾವಣೆಯಲ್ಲಿ ಈ ತೀರ್ಪೇ ಬಹಿರಂಗ ಜಗಳವಾಯಿತು. ಜುಲೈ 21ರಂದು ತಮ್ಮ ಪಕ್ಷದ ಅಧಿವೇಶನದಲ್ಲಿ ಡೊನಾಲ್ಡ್ ಟ್ರಂಪ್ ‘ಐ ಅಲೋನ್ ಕ್ಯಾನ್ ಫಿಕ್ಸ್ ಇಟ್’ (ನಾನೊಬ್ಬನೇ ಇದನ್ನು ಸರಿಪಡಿಸಬಲ್ಲೆ) ಎಂದರೆ, ಒಂದು ವಾರದ ನಂತರ ಹಿಲರಿ ಕ್ಲಿಂಟನ್, ಅಮೆರಿಕನ್ನರು ಹಾಗೆ ಹೇಳುವುದಿಲ್ಲ, ಒಟ್ಟಾಗಿ ಸರಿಪಡಿಸುತ್ತೇವೆ ಎನ್ನುತ್ತಾರೆ ಎಂದು ಉತ್ತರಿಸಿದರು. ಅದೇ ಟ್ರಂಪ್ ಅದೇ ಭಾಷಣದಲ್ಲಿ, ಎದುರಾಳಿಯ ‘ಐ ಆ್ಯಮ್ ವಿತ್ ಹರ್’ (ನಾನು ಅವಳ ಜೊತೆಗಿದ್ದೇನೆ) ಎಂಬ ಘೋಷಣೆಯನ್ನು ತಿರುಗಿಸಿ, ತಮ್ಮ ಪ್ರತಿಜ್ಞೆ ‘ಐ ಆ್ಯಮ್ ವಿತ್ ಯು’ (ನಾನು ನಿಮ್ಮ ಜೊತೆಗಿದ್ದೇನೆ) ಎಂದಿದ್ದರು. ‘ಹರ್’ ಬದಲು ‘ಯು’ ಬಂದ ಕೂಡಲೇ ಎದುರು ಕುಳಿತವನಿಗೆ ಮಾತು ತನ್ನದೇ ಎನ್ನಿಸುತ್ತದೆ. ಕ್ಲಿಂಟನ್ನರ ‘ವಿ’ ಸಜ್ಜನಿಕೆಯದಾಗಿತ್ತು, ಆದರೆ ಕಾರ್ಖಾನೆ ಮುಚ್ಚಿಹೋದ ಊರಿನವನಿಗೆ ಅದು ‘ಮೇಮು’ ಎಂದೇ ಕೇಳಿಸಿರಬಹುದು ಎಂಬುದು ನನ್ನ ಊಹೆ. (ಬ್ರಿಟನ್ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ 1989ರಲ್ಲಿ ಮೊಮ್ಮಗು ಹುಟ್ಟಿದಾಗ ‘ವಿ’ ಅಜ್ಜಿಯಾಗಿದ್ದೇವೆ ಎಂದು ಹೇಳಿ ನಗೆಪಾಟಲಾಗಿದ್ದರು; ತಮ್ಮೊಬ್ಬರನ್ನೇ ‘ವಿ’ ಎಂದುಕೊಳ್ಳುವುದು ರಾಜರ ಗತ್ತು.)

ನನಗೇನೋ ‘ಐ’ಗೆ ಕನಿಷ್ಠ ಒಂದು ವಿಳಾಸವಿದೆ ಎನ್ನಿಸುತ್ತದೆ. ಇರಾನ್‌ಗೆ ಗುಟ್ಟಾಗಿ ಶಸ್ತ್ರಾಸ್ತ್ರ ಮಾರಿದ ಹಗರಣ ಬಯಲಾದ ಮೇಲೆ, 1987ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್, ಯತ್ನ ಫಲಿಸದಿದ್ದುದಕ್ಕೆ ತಾವೇ ಹೊಣೆ ಎಂದರೂ, ತಪ್ಪುಗಳ ವಿಷಯಕ್ಕೆ ಬಂದಾಗ ‘ಗಂಭೀರ ತಪ್ಪುಗಳು ಆಗಿವೆ’ ಎಂದರು. ಆ ಮಾತಿನಲ್ಲಿ ‘ಐ’ಯೂ ಇಲ್ಲ, ‘ವಿ’ಯೂ ಇಲ್ಲ. ಮಾರ್ಚ್ 4ರಂದು, ತಮ್ಮ ಮತ್ತು ತಮ್ಮ ಆಡಳಿತದ ಕೃತ್ಯಗಳಿಗೆ ‘ಐ’ ಪೂರ್ಣ ಹೊಣೆ ಎಂದು ಒಪ್ಪಿಕೊಂಡರು. ಹೊಣೆ ಹೊರುವಾಗ ‘ಐ’ ಎನ್ನುವವರನ್ನು ನಾನು ಅಹಂಕಾರಿ ಎನ್ನಲಾರೆ.

ಬಳ್ಳಾರಿಗೂ ಇಂಥದ್ದೊಂದು ಅನುಭವವಿದೆ. 1999ರ ಲೋಕಸಭಾ ಚುನಾವಣೆಯಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಇಲ್ಲಿ ಎದುರಾದಾಗ ಇಬ್ಬರೂ ಹೊರಗಿನವರೇ, ಆದ್ದರಿಂದ ‘ನಾವು’ ಎನ್ನುವ ಹಕ್ಕನ್ನು ಇಬ್ಬರೂ ಸಂಪಾದಿಸಬೇಕಿತ್ತು. ಸುಷ್ಮಾ ಕನ್ನಡ ಕಲಿತು ಕನ್ನಡದಲ್ಲೇ ಭಾಷಣ ಮಾಡಿದರು. ಗೆದ್ದವರು ಸೋನಿಯಾ, ಮತ್ತು ಗೆದ್ದ ಮೇಲೆ ಅವರು ಅಮೇಥಿಯನ್ನು ಉಳಿಸಿಕೊಂಡು ಬಳ್ಳಾರಿಗೆ ರಾಜೀನಾಮೆ ಕೊಟ್ಟರು.

ಈಗ ನಮ್ಮ ಭಾಗದ ಪ್ರತಿನಿಧಿಗಳ ಇಂಗ್ಲಿಷ್ ಪೋಸ್ಟುಗಳಲ್ಲಿ ‘ವಿ ಆರ್ ಕಮಿಟೆಡ್’ (ನಾವು ಬದ್ಧರು) ಎಂಬುದು ಧಾರಾಳವಾಗಿ ಸಿಗುತ್ತದೆ. ರಾಯಚೂರಿಗೆ ಏಮ್ಸ್ ಬೇಕೆಂದು 2022ರಲ್ಲಿ ಧರಣಿ ಕುಳಿತವರಿಗೆ ಎಲ್ಲ ಪಕ್ಷಗಳವರೂ ‘ನಾವಿದ್ದೇವೆ’ ಎಂದೇ ಹೇಳಿದ್ದಾರೆ. ಜಲಾಶಯ ತುಂಬಿ ಬಾಗಿನ ಬಿಡುವಾಗ ತುಂಗಭದ್ರೆ ‘ನಮ್ಮ’ವಳು, ಮಾನ್ವಿ, ಸಿರವಾರದ ಕೊನೆ ಭಾಗದ ಹೊಲಕ್ಕೆ ನೀರು ತಲುಪದಿದ್ದಾಗ ಕಾಲುವೆಯ ಗೇಜು (ನೀರಿನ ಮಟ್ಟ) ನಿರ್ವಹಿಸುವುದು ‘ಅವರ’ ಕೆಲಸ. ಮುಂದಿನ ಸಲ ಇಂಥ ಪೋಸ್ಟ್ ಕಂಡರೆ ಕೆಳಗೆ ಒಂದೇ ಪ್ರಶ್ನೆ ಹಾಕಿ: ಈ ‘ವಿ’ಯಲ್ಲಿ ಯಾರ‍್ಯಾರು ಇದ್ದೀರಿ, ಹೆಸರು ಹೇಳಿ.