ಫೋನಿನಲ್ಲಿ ನಾನೇ ನನ್ನ ತಮ್ಮ

ಮೊದಲೇ ಒಂದು ತಪ್ಪೊಪ್ಪಿಕೊಂಡುಬಿಡುತ್ತೇನೆ. ವರ್ಷಕ್ಕೆ ನಾಲ್ಕೈದು ಸಲ ನಾನು ಫೋನಿನಲ್ಲಿ ನನ್ನ ತಮ್ಮನಾಗುತ್ತೇನೆ. ಬ್ಯಾಂಕಿನ ಕಸ್ಟಮರ್ ಕೇರ್‌ನವರು ಖಾತೆದಾರರ ಹತ್ತಿರವೇ ಮಾತಾಡಬೇಕು ಅಂದರೆ "ಹಾಂ ಜೀ, ಬೋಲ್ ರಹಾ ಹೂಂ" ಅನ್ನುತ್ತೇನೆ. ಅವನ ಹುಟ್ಟಿದ ತಾರೀಖು, ಕಾರ್ಡಿನ ಕೊನೆಯ ನಾಲ್ಕು ಅಂಕಿ, ಹೋದ ವಾರ ಎಟಿಎಂನಲ್ಲಿ ಎಷ್ಟು ತೆಗೆದದ್ದು, ಎಲ್ಲ ನನಗೆ ಬಾಯಿಪಾಠ. ತಮ್ಮ ಪಕ್ಕದಲ್ಲೇ ಕೂತು ನನ್ನ ತುಟಿ ನೋಡುತ್ತಿರುತ್ತಾನೆ.

ಮೊದಲನೇ ಸಲ ನಿಜವನ್ನೇ ಹೇಳಿದ್ದೆ. ಅವನಿಗೆ ಕಿವಿ ಕೇಳಿಸುವುದಿಲ್ಲ, ನಾನು ಅವನ ಅಣ್ಣ, ಕಾರ್ಡ್ ಕಳೆದಿದೆ, ಬ್ಲಾಕ್ ಮಾಡಿ ಅಂತ. ಆ ಹುಡುಗಿ ಬಹಳ ಮರ್ಯಾದೆಯಿಂದ, "ಸರ್, ಅವರಿಗೇ ಫೋನ್ ಕೊಡಿ" ಅಂದಳು. ಕೊಟ್ಟೆ. ಅವನು ಫೋನ್ ಹಿಡಿದುಕೊಂಡು ನನ್ನ ಮುಖ ನೋಡಿದ. ಆಕೆ ಮೂರು ಸಲ ಹಲೋ ಅಂದು ಕಟ್ ಮಾಡಿದಳು. ಅವತ್ತಿನಿಂದ ಸುಳ್ಳೇ ವಾಸಿ ಅನಿಸಿದೆ.

ನಾನು ಮುಂಬೈ ಪಕ್ಕದ ಡೊಂಬಿವಲಿಗೆ ಬಂದು ಇಪ್ಪತ್ತೆರಡು ವರ್ಷ ಆಯಿತು. ಊರು ಗದಗ ಜಿಲ್ಲೆ, ರೋಣದ ಹತ್ತಿರ ಒಂದು ಹಳ್ಳಿ. ಇಲ್ಲಿ ನನಗೊಂದು ಸೂರು ಆದ ಮೇಲೆ ತಮ್ಮನನ್ನೂ ಕರೆಸಿಕೊಂಡೆ. ಪರೇಲ್‌ನ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಕೆಲಸ. ಮಷೀನಿನ ಸದ್ದಿಗೆ ಉಳಿದವರಿಗೆಲ್ಲ ತಲೆನೋವು, ತನಗೆ ಮಾತ್ರ ಇಲ್ಲ ಅನ್ನುವುದು ಅವನ ಹಳೇ ಜೋಕು. ಊರಿಗೆ ಹೋದಾಗಲೆಲ್ಲ ಒಂದೇ ಪ್ರಶ್ನೆ: ಅವನಿಗೆ ಮುಂಬೈ ಹೊಂದುತ್ತಾ, ಪಾಪ, ಊರೇ ಚೆಂದ ಇತ್ತಲ್ಲ? ಈ "ಪಾಪ" ಎಂಬ ಮಾತಿಗೆ ಉತ್ತರ ಕೊಡೋಣ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಊರು ಚೆಂದ ಇತ್ತು, ಸುಳ್ಳಲ್ಲ. ಇಡೀ ಓಣಿಗೆ ಅವನ ಸನ್ನೆ ಗೊತ್ತಿತ್ತು. ಎರಡು ಅಂಗೈ ಬಡಿದರೆ ರೊಟ್ಟಿ. ಮೀಸೆ ತಿರುವಿದರೆ ಗೌಡರು. ಕಿವಿಯ ಹಾಲೆ ಎಳೆದರೆ ಕಿರಾಣಿ ಅಂಗಡಿಯವರು, ಅವರ ಕಿವಿಯಲ್ಲಿ ಒಂಟಿ, ಅಂದರೆ ಕಿವಿಯುಂಗುರ, ಇದ್ದದ್ದಕ್ಕೆ. ಬಸ್ ಬಂದರೆ ಯಾರಾದರೂ ಅವನ ಭುಜ ಮುಟ್ಟುತ್ತಿದ್ದರು. ಕಂಡಕ್ಟರ್ ಅವನಿಗೆ ಟಿಕೆಟ್ ಕೊಟ್ಟು, ಇಳಿಯುವ ಜಾಗ ಬಂದಾಗ ತಾನೇ ಎಬ್ಬಿಸುತ್ತಿದ್ದ. ಇದಕ್ಕೆ ಯಾವ ಕಾಯ್ದೆಯೂ ಬೇಕಾಗಿರಲಿಲ್ಲ. ಆದರೆ ಅದೇ ಊರು ಅವನನ್ನು ಹೆಸರು ಹಿಡಿದು ಕರೆಯಲಿಲ್ಲ, ನೋಡಿ. ರೇಷನ್ ಕಾರ್ಡಿನಲ್ಲಿ ಮಾತ್ರ ಅವನಿಗೆ ಹೆಸರು. ಉಳಿದಂತೆ "ಮೂಗ". "ಮೂಗ ಬಂದಾನ, ಏನ್ ಬೇಕ್ ಕೇಳ್ರಿ." ಬೈಗುಳವಲ್ಲ ಅದು, ಪ್ರೀತಿಯೇ.

ಈಗ ಆ ಅಂಗಡಿಯಲ್ಲಿ ಮಗ ಕೂತಿದ್ದಾನೆ. ಆ ಕಂಡಕ್ಟರ್ ರಿಟೈರ್ ಆದ. ಓಣಿಯ ಅರ್ಧ ಮನೆಗಳಿಗೆ ಬೀಗ, ಎಲ್ಲ ಹುಬ್ಬಳ್ಳಿ, ಬೆಂಗಳೂರು, ಪುಣೆ ಸೇರಿದ್ದಾರೆ. ಹೋದ ವರ್ಷ ಜಾತ್ರೆಗೆ ಹೋದಾಗ ನನ್ನ ತಮ್ಮ ಆ ಅಂಗಡಿ ಮುಂದೆ ನಿಂತು ಸನ್ನೆ ಮಾಡಿದರೆ ಆ ಹುಡುಗ ಹಿಂದೆ ತಿರುಗಿ, "ಇವರ ಕಡೆಯವರು ಯಾರರ ಅದೀರೇನ್ರಿ?" ಅಂತ ಕೂಗಿದ. ದಾಕ್ಷಿಣ್ಯ ಮನುಷ್ಯರ ಜೊತೆ ಇರುತ್ತದೆ. ಅವರು ಹೋದರೆ ಅದೂ ಹೋಯಿತು. ಪರಿಚಯದವರು ಇಲ್ಲದ ಕಡೆ ಬೇಕಾಗುವುದು ಕಾಯ್ದೆ. ಮುಂಬೈಯಲ್ಲಿ ಪರಿಚಯದವರು ಯಾರಿದ್ದಾರೆ ಹೇಳಿ.

ಹಾಗಂತ ಮುಂಬೈ ಅವನಿಗೆ ಏನೂ ಕೊಟ್ಟಿಲ್ಲ ಅಂತಲ್ಲ. ಲೋಕಲ್ ರೈಲಿನಲ್ಲಿ ಅಪಂಗ ಡಬ್ಬಾ ಅಂತ ಒಂದಿದೆ, ಅಂಗವಿಕಲರ ಬೋಗಿ. ಅದನ್ನು ಯಾರೂ ಅವನಿಗೆ ಪಾಪ ಅಂತ ಕೊಟ್ಟದ್ದಲ್ಲ, ಅವನ ಹಕ್ಕು. ಕೈಕಾಲು ಗಟ್ಟಿ ಇರುವ ಈ ಆಳು ಹತ್ತಿದ ಕೂಡಲೇ ಹೊಸಬರು ಯಾರಾದರೂ "ತುಲಾ ಕಾಯ್ ಝಾಲಂ?", ನಿನಗೇನಾಗಿದೆ, ಅಂತ ಜಬರಿಸುವುದುಂಟು. ಅವನಿಗೆ ಅದು ಕೇಳಿಸುವುದಿಲ್ಲ, ಆದರೆ ಮುಖ ನೋಡಿದರೆ ಗೊತ್ತಾಗುತ್ತದೆ, ಕಾರ್ಡ್ ತೆಗೆದು ತೋರಿಸುತ್ತಾನೆ. ಕಿವುಡುತನದ ದೊಡ್ಡ ಕಷ್ಟವೇ ಇದು, ಹೊರಗೆ ಕಾಣಿಸುವುದಿಲ್ಲ. ಕೋಲಿಲ್ಲ, ಗಾಲಿಕುರ್ಚಿಯಿಲ್ಲ. ಕಾಣದ್ದನ್ನು ಜನ ನಂಬುವುದಿಲ್ಲ.

ಆ ಡಬ್ಬಾದ ಸಂಗತಿ ಇನ್ನೂ ಸ್ವಲ್ಪ ಹೇಳಬೇಕು. ಸಂಜೆ ಹೊತ್ತು ಒಬ್ಬ ಕಿವುಡ ಗೆಳೆಯ ಈ ಸ್ಟೇಷನ್ನಿನಲ್ಲಿ, ಇನ್ನೊಬ್ಬ ಆ ಸ್ಟೇಷನ್ನಿನಲ್ಲಿ ಕಾದು, ವಿಡಿಯೋ ಕಾಲ್ ಮಾಡಿಕೊಂಡು, ಎರಡು ರೈಲು ಬಿಟ್ಟಾದರೂ ಸರಿ ಅಂತ ಒಂದೇ ಡಬ್ಬಾ ಹಿಡಿಯುತ್ತಾರೆ. ಅದು ಅವರ ಕಟ್ಟೆ. ನಮ್ಮೂರ ಅರಳಿಕಟ್ಟೆಯಲ್ಲಿ ಇವನು ಇದ್ದ, ಮಾತು ಇರಲಿಲ್ಲ. ಇಲ್ಲಿ ಮಾತೋ ಮಾತು. ನಾನು ಎಷ್ಟೋ ಸಲ ಜೊತೆಗೆ ಹೋಗಿ ಪೆದ್ದನ ಹಾಗೆ ನಿಂತಿದ್ದೇನೆ. ಎದುರಿನ ಪ್ಲಾಟ್‌ಫಾರ್ಮಿನಲ್ಲಿ ನಿಂತವನ ಜೊತೆ ಹಳಿ ದಾಟಿ ಹರಟೆ ಹೊಡೆಯುತ್ತಾರೆ, ಆ ಗದ್ದಲದಲ್ಲಿ ಕಿವಿ ಇದ್ದವರು ಪಕ್ಕದವನ ಜೊತೆಗೂ ಮಾತಾಡಲಾಗದೆ ಕಿರುಚುತ್ತಿರುತ್ತಾರೆ. ಇನ್ನೊಂದು ತಮಾಷೆ: ಇಪ್ಪತ್ತೆರಡು ವರ್ಷವಾದರೂ ನನ್ನ ಮರಾಠಿ ಕೇಳಿ ತರಕಾರಿಯವಳು ನಗುತ್ತಾಳೆ. ಅವನಿಗೆ ಮರಾಠಿ, ಗುಜರಾತಿ, ಮಲಯಾಳಿ ಎಲ್ಲ ಗೆಳೆಯರೂ ಇದ್ದಾರೆ, ಸನ್ನೆ ಭಾಷೆಗೆ ಗಡಿ ತಂಟೆ ಇಲ್ಲ.

ಆದರೆ ಅದೇ ಪ್ಲಾಟ್‌ಫಾರ್ಮಿನಲ್ಲಿ ಕೊನೆ ಗಳಿಗೆಯಲ್ಲಿ ಗಾಡಿ ಬೇರೆ ಕಡೆ ಬರುತ್ತದೆ ಅಂತ ಸ್ಪೀಕರ್ ಹೇಳಿತು ಅಂದುಕೊಳ್ಳಿ. ಸಾವಿರ ಜನ ಒಟ್ಟಿಗೆ ಸೇತುವೆ ಕಡೆ ಓಡುತ್ತಾರೆ. ನನ್ನ ತಮ್ಮ ಬೋರ್ಡ್ ನೋಡುವುದಿಲ್ಲ, ಬೋರ್ಡ್ ಬದಲಾಗುವುದು ಆಮೇಲೆ. ಅವನು ಜನರ ಕತ್ತು ನೋಡುತ್ತಾನೆ. ಎಲ್ಲರ ಕತ್ತೂ ಒಂದೇ ಸಲ ಮೇಲೆ ಎದ್ದರೆ ಏನೋ ಹೇಳುತ್ತಿದ್ದಾರೆ ಅಂತ ಲೆಕ್ಕ. ಜನ ಓಡಿದರೆ ಅವನೂ ಓಡುತ್ತಾನೆ. ಯಾಕೆ ಓಡಿದ್ದು ಅಂತ ರೈಲು ಹತ್ತಿದ ಮೇಲೆ ಗೊತ್ತಾಗುತ್ತದೆ, ಕೆಲವು ಸಲ ಅದೂ ಇಲ್ಲ. ಈ ಊರಿನ ಮಿರಾಕಲ್ ಕೊರಿಯರ್ಸ್ ಕಥೆ ಕೆಲವರಿಗೆ ಗೊತ್ತಿರಬಹುದು. ಬಸ್ಸಿನಲ್ಲಿ ಒಬ್ಬ ಹುಡುಗ ತನ್ನ ಸ್ಟಾಪ್ ಯಾವುದೆಂದು ತಿಳಿಯದೆ ಚಡಪಡಿಸುತ್ತಿದ್ದದ್ದನ್ನು ಧ್ರುವ್ ಲಾಕ್ರಾ ನೋಡಿದರು, ಹುಡುಗ ಕಿವುಡ ಅಂತ ಆಮೇಲೆ ತಿಳಿಯಿತು. ಅಲ್ಲಿಂದ ಹುಟ್ಟಿದ ಯೋಚನೆ 2009ರಲ್ಲಿ ಕಿವುಡರೇ ಕೆಲಸ ಮಾಡುವ ಕೊರಿಯರ್ ಕಂಪನಿ ಆಯಿತು. ಅವರು ಕಂಪನಿ ಕಟ್ಟಿದರು, ದೊಡ್ಡ ಮಾತು. ಆದರೆ ಆ ಹುಡುಗನಿಗೆ ಬೇಕಾಗಿದ್ದದ್ದು ಬಸ್ಸಿನೊಳಗೆ ಮುಂದಿನ ಸ್ಟಾಪಿನ ಹೆಸರು ತೋರಿಸುವ ಒಂದು ಬೋರ್ಡು, ಅಷ್ಟೇ ಅಲ್ವಾ?

ಕಾಯ್ದೆ ಇಲ್ಲವಾ ಅಂದರೆ, ಇದೆ. ಅಂಗವಿಕಲರ ಹಕ್ಕುಗಳ ಕಾಯ್ದೆ. 1995ರದ್ದನ್ನು ತೆಗೆದು 2016ರಲ್ಲಿ ಹೊಸದು ಮಾಡಿದರು, 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. 7 ಬಗೆಯ ಅಂಗವೈಕಲ್ಯ ಇದ್ದದ್ದು 21 ಆಯಿತು. ಅದರ 42ನೇ ಸೆಕ್ಷನ್ ಓದಿದರೆ ಖುಷಿಯಾಗುತ್ತದೆ: ಟಿವಿ, ಸಿನಿಮಾದಂಥವಕ್ಕೆ ಸನ್ನೆ ಭಾಷೆ, ಕ್ಯಾಪ್ಷನ್ ಎಲ್ಲ ಇರಬೇಕಂತೆ. 46ನೇ ಸೆಕ್ಷನ್ ಪ್ರಕಾರ ಸರ್ಕಾರಿ ಆಗಲಿ ಖಾಸಗಿ ಆಗಲಿ, ಸೇವೆ ಕೊಡುವವರೆಲ್ಲ ನಿಯಮ ಬಂದ ಎರಡು ವರ್ಷದೊಳಗೆ ತಮ್ಮ ಸೇವೆಯನ್ನು ಎಲ್ಲರಿಗೂ ನಿಲುಕುವಂತೆ ಮಾಡಬೇಕು. ನಿಯಮ ಬಂದದ್ದು 2017ರ ಜೂನ್. ಲೆಕ್ಕ ಹಾಕಿ, 2019ಕ್ಕೇ ಗಡುವು ಮುಗಿಯಿತು. ನಾನು ಅದಾದ ಮೇಲೂ ಫೋನಿನಲ್ಲಿ ತಮ್ಮನಾಗುತ್ತಿದ್ದೇನೆ. ತಪ್ಪಿದವರಿಗೆ ಮೊದಲ ಸಲ 10,000 ರೂಪಾಯಿವರೆಗೆ ದಂಡ, ಮತ್ತೆ ತಪ್ಪಿದರೆ 50,000ದಿಂದ 5 ಲಕ್ಷ. ದಂಡ ಕಟ್ಟಿದವರನ್ನು ನಾನಂತೂ ನೋಡಿಲ್ಲ.

ತೂತು ಎಲ್ಲಿತ್ತು ಅಂತ ಸುಪ್ರೀಂ ಕೋರ್ಟೇ ತೋರಿಸಿತು. 2024ರ ನವೆಂಬರ್ 8ರಂದು, ರಾಜೀವ್ ರತುರಿ ಹಾಕಿದ್ದ ಕೇಸಿನಲ್ಲಿ, ಆ 2017ರ ನಿಯಮಗಳಲ್ಲಿ 15ನೆಯದು ಕಾಯ್ದೆಗೇ ವಿರುದ್ಧವಾಗಿದೆ ಅಂತ ತೀರ್ಪು ಬಂತು. ಕಾಯ್ದೆ "ಮಾಡಲೇಬೇಕು" ಅನ್ನುತ್ತದೆ, ಅದರ ಕೆಳಗಿನ ನಿಯಮದಲ್ಲಿ ಬರೀ ಸಲಹೆಗಳ ಪಟ್ಟಿ. ಮೂರು ತಿಂಗಳಲ್ಲಿ ಕಡ್ಡಾಯದ ನಿಯಮ ಮಾಡಿ ಅಂದಿತು ಕೋರ್ಟು. ಆ ಮೂರು ತಿಂಗಳು ಮುಗಿದು ಎಷ್ಟು ಕಾಲವಾಯಿತು! 2025ರ ಏಪ್ರಿಲ್ 30ಕ್ಕೆ ಇನ್ನೊಂದು ತೀರ್ಪು, ಬ್ಯಾಂಕಿನ ಡಿಜಿಟಲ್ ಕೆವೈಸಿ ಎಲ್ಲ ಅಂಗವಿಕಲರಿಗೂ ಸಾಧ್ಯವಾಗಬೇಕು ಅಂತ. ತೀರ್ಪುಗಳಿಗೆ ನಮ್ಮಲ್ಲಿ ಬರವಿಲ್ಲ.

ಇಲ್ಲಿ ನಮ್ಮ ಕರ್ನಾಟಕದ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು, ಇಲ್ಲದಿದ್ದರೆ ಮುಂಬೈಗೆ ಹೋದವ ಊರನ್ನು ಹಳಿಯುತ್ತಾನೆ ಅನ್ನುತ್ತೀರಿ. 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ದುಭಾಷಿಯ ನೆರವಿನಿಂದ ಹಾಜರಾದ ಕಿವುಡ ವಕೀಲೆ ಸಾರಾ ಸನ್ನಿ ಬೆಂಗಳೂರಿನಲ್ಲಿ ಕೆಲಸ ಮಾಡುವವರು. 2024ರಲ್ಲಿ ಕರ್ನಾಟಕ ಹೈಕೋರ್ಟಿನಲ್ಲೂ ಹಾಗೆಯೇ ವಾದ ಮಾಡಿದರು. ಆ ವಿಡಿಯೋ ತಮ್ಮ ತನ್ನ ಗೆಳೆಯರಿಗೆಲ್ಲ ಕಳಿಸಿದ್ದ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇರುವುದೂ ನಮ್ಮಲ್ಲೇ, 1960ರ ದಶಕದಿಂದ. ಅವ್ವ ಇವನನ್ನು ಕಂಕುಳಲ್ಲಿ ಎತ್ತಿಕೊಂಡು ರಾತ್ರಿ ರೈಲಿನಲ್ಲಿ ಅಲ್ಲಿಗೆ ಹೋಗಿದ್ದಳು. ಕಿವುಡರಿಗಾಗಿಯೇ ಇರುವ ಮುಂಬೈ ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆ ಶುರುವಾದದ್ದು 1983ರಲ್ಲಿ, ಅದಕ್ಕಿಂತ ಎಷ್ಟೋ ವರ್ಷ ಆಮೇಲೆ. ಗೋವಾದವರು 2023ರಿಂದ ಪಣಜಿಯಲ್ಲಿ ಪರ್ಪಲ್ ಫೆಸ್ಟ್ ಅಂತ ಅಂಗವಿಕಲರ ಹಬ್ಬ ಮಾಡುತ್ತಾರೆ, ಒಳ್ಳೆಯದೇ. ಹಬ್ಬ ಮುಗಿದ ಮಾರನೇ ದಿನ ಬಸ್ ಸ್ಟ್ಯಾಂಡಿನಲ್ಲಿ ಏನಾಗುತ್ತದೆ ಅನ್ನುವುದರ ಮೇಲೆ ನನ್ನ ಕಣ್ಣು.

ದೊಡ್ಡ ಕಾಯ್ದೆ ಬಿಡಿ, ಹಳೇ ಸಣ್ಣ ನಿಯಮಗಳ ಕಥೆ ಕೇಳಿ. ರೈಲಿನಲ್ಲಿ ಎರಡನೇ ದರ್ಜೆ, ಸ್ಲೀಪರ್‌ಗೆ ಅರ್ಧ ಟಿಕೆಟ್ ರಿಯಾಯಿತಿ ಇದೆ. ಆದರೆ ಕಿವುಡು ಮೂಗು ಎರಡೂ ಒಬ್ಬರಲ್ಲೇ ಇರಬೇಕು ಅಂತ ನಿಯಮ. ಊರ ಕಡೆ ಒಂದು ಆಸ್ಪತ್ರೆಗೆ ಸರ್ಟಿಫಿಕೇಟ್‌ಗೆ ಅಂತ ಕರೆದುಕೊಂಡು ಹೋಗಿದ್ದೆವು. ಡಾಕ್ಟರು ಇವನ ಮುಖ ನೋಡಿ ಹೆಸರೇನಪ್ಪ ಅಂದರು. ತುಟಿ ಓದಿದ. ಕಿವುಡರ ಶಾಲೆಯಲ್ಲಿ ಏಳು ವರ್ಷ ಟೀಚರ್ ಕನ್ನಡಿ ಮುಂದೆ ಕೂರಿಸಿ, ತಮ್ಮ ಗಂಟಲ ಮೇಲೆ ಇವನ ಕೈ ಇಡಿಸಿ ಕಲಿಸಿದ್ದು ಇವನ ಹೆಸರು. ಅದು, ಅವ್ವ ಅನ್ನುವುದು, ಹಾಸ್ಟೆಲ್‌ನಲ್ಲಿ ಕಲಿತ ಒಂದು ಬೈಗುಳ, ಇಷ್ಟೇ ಅವನ ಬಾಯಿ ಮಾತು. ಎದೆಯುಬ್ಬಿಸಿ ಹೆಸರು ಹೇಳಿದ. "ಮಾತ್ ಬರ್ತಾವಲ್ರಿ!" ಅಂದು ಡಾಕ್ಟರು ಪೆನ್ ಕೆಳಗಿಟ್ಟರು. ಬೈಗುಳ ಹೇಳದೆ ಇದ್ದದ್ದು ಪುಣ್ಯ. ಮಾತು ಕಲಿತ ತಪ್ಪಿಗೆ ಪೂರ್ತಿ ಟಿಕೆಟ್. ಕಿವುಡರು ಯಾರು ಅಂತ 2016ರ ಕಾಯ್ದೆ ಕಿವಿ ನೋಡಿ, 70 ಡೆಸಿಬಲ್ ಅಂತ ಅಳೆದು ಹೇಳುತ್ತದೆ, ಬಾಯಿ ನೋಡಿ ಅಲ್ಲ. ಈ "ಎರಡೂ" ಎಂಬ ಪದ ಹೊಡೆದು ಹಾಕಲು ಎಷ್ಟು ಇಂಕು ಬೇಕು?

ನನ್ನ ಕೇಳಿಕೆ ದೊಡ್ಡದೇನಲ್ಲ. ಸಾರ್ವಜನಿಕ ಜಾಗದಲ್ಲಿ ದನಿಯಲ್ಲಿ ಹೇಳಿದ್ದು ಅದೇ ಗಳಿಗೆಯಲ್ಲಿ ಅಕ್ಷರದಲ್ಲೂ ಕಾಣಬೇಕು: ರೈಲಿನಲ್ಲಿ, ಆಸ್ಪತ್ರೆಯಲ್ಲಿ ಟೋಕನ್ ಕರೆಯುವಾಗ, ಕಚೇರಿ ಕಿಟಕಿಯಲ್ಲಿ. ಯಾವ ಸೇವೆಗೂ ಫೋನ್ ಕರೆಯೇ ಗತಿ ಆಗಬಾರದು. ಅಮೆರಿಕದಲ್ಲಿ 1990ರ ಕಾಯ್ದೆಯಲ್ಲೇ ಫೋನ್ ಕಂಪನಿಗಳ ಮೇಲೆ ರಿಲೇ ಸೇವೆಯ ಹೊಣೆ ಹಾಕಿದರು. ಕಿವುಡರು ಟೈಪ್ ಮಾಡಿದ್ದನ್ನು ಅಲ್ಲಿ ಒಬ್ಬರು ಬಾಯಲ್ಲಿ ಹೇಳುತ್ತಾರೆ, ಅವರಿಗೆ ಅದು ಸಂಬಳದ ಕೆಲಸ. ನಮ್ಮಲ್ಲಿ ಆ ಕೆಲಸ ಅಣ್ಣಂದಿರದು, ಅಕ್ಕಂದಿರದು, ಸುಳ್ಳು ಹೇಳಿಕೊಂಡು.

ಬರೀ ಸರ್ಕಾರಕ್ಕೆ ಬೈದರೆ ಸಾಲದು, ನಮ್ಮ ಕನ್ನಡ ಸಂಘಗಳಿಗೂ ಒಂದು ಮಾತು. ನಮ್ಮ ಕಡೆ ದೊಡ್ಡಾಟ ನೋಡಿ ಬೆಳೆದ ತಮ್ಮ ಇಲ್ಲಿ ಉಡುಪಿಯವರ ಸಹವಾಸದಿಂದ ಯಕ್ಷಗಾನದ ಹುಚ್ಚು ಹಿಡಿಸಿಕೊಂಡಿದ್ದಾನೆ. ಮಾಟುಂಗದಲ್ಲಿ ಆಟ ಇದ್ದರೆ ನನಗಿಂತ ಮೊದಲು ರೆಡಿ. ಆದರೆ ಭಾಷಣದ ಕಾರ್ಯಕ್ರಮ ಅಂದರೆ ಬರುವುದಿಲ್ಲ, ಯಾಕೆ ಬರಬೇಕು? ಹಾಲ್‌ನಲ್ಲಿ ಪ್ರೊಜೆಕ್ಟರ್ ಇದೆ, ಸನ್ಮಾನದ ಫೋಟೋ ತೋರಿಸಲು. ಮಾತಿನ ಸಾರವನ್ನು ಕನ್ನಡದಲ್ಲಿ ಅದೇ ಪರದೆ ಮೇಲೆ ಹಾಕಬಹುದು. ಕಿವಿ ಮಂದವಾದ ನಮ್ಮ ಹಿರಿಯರು ಮುಂದಿನ ಸಾಲಿನಲ್ಲಿ ಸುಮ್ನೆ ತಲೆಯಾಡಿಸುತ್ತಾ ಕೂತಿರುತ್ತಾರಲ್ಲ, ಅವರಿಗೂ ಆಯಿತು. ಸಿನಿಮಾಕ್ಕೂ ಇದೇ ಮಾತು. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಕಿವಿ ಕೇಳದವರಿಗೆ, ಕಣ್ಣು ಕಾಣದವರಿಗೆ ಸಿನಿಮಾ ನಿಲುಕುವಂತೆ ಮಾಡಿ ಅಂತ ಚಿತ್ರಮಂದಿರಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಕನ್ನಡ ಚಿತ್ರಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿ ಕೈತೊಳೆದುಕೊಳ್ಳುವವರೇ ಜಾಸ್ತಿ. ಅವನು ಓದಲು ಕಲಿತದ್ದು ಕನ್ನಡ, ಸ್ವಾಮಿ.

ಹೋದ ತಿಂಗಳು ನಾನು ಊರಿಗೆ ಹೋಗಿದ್ದಾಗ ಅವನ ಕಾರ್ಡ್ ಮತ್ತೆ ಕೈಕೊಟ್ಟಿತು. ಈ ಸಲ ನನ್ನನ್ನು ಕಾಯದೆ ತಾನೇ ಬ್ಯಾಂಕಿಗೆ ಈಮೇಲ್ ಬರೆದ, ಗೆಳೆಯನ ಹತ್ತಿರ ಇಂಗ್ಲಿಷ್ ತಿದ್ದಿಸಿಕೊಂಡು. ನನಗೆ ಕೇಳಿಸುವುದಿಲ್ಲ, ದಯವಿಟ್ಟು ಬರಹದಲ್ಲೇ ಉತ್ತರಿಸಿ ಅಂತ ಮೊದಲ ಸಾಲಿನಲ್ಲೇ ಇತ್ತು. ಎರಡು ದಿನಕ್ಕೆ ಉತ್ತರ ಬಂತು. ಅದರ ಸ್ಕ್ರೀನ್‌ಶಾಟ್ ತೆಗೆದು, ಕೆಳಗೆ ಕಣ್ಣಲ್ಲಿ ನೀರು ಬರುವಂತೆ ನಗುವ ಆ ಹಳದಿ ಮುಖಗಳನ್ನು ಒಂದು ಸಾಲು ಹಾಕಿ ನನಗೆ ಕಳಿಸಿದ್ದ. "ನಿಮ್ಮ ದೂರು ತಲುಪಿದೆ. ಹೆಚ್ಚಿನ ನೆರವಿಗೆ ಈ ನಂಬರಿಗೆ ಕರೆ ಮಾಡಿ."