70 ಸೆಂಟ್ಸ್ ಜಾಗ, 5 ಅಡಿ ಸಂಕೋಲೆ

ಅಷ್ಟಮಿಗೆ ಊರಿಗೆ ಹೋಗಿದ್ದೆ. ಮತ್ಸ್ಯಗಂಧ ರೈಲಿನಿಂದ ಇಳಿದು, ಕಟಪಾಡಿಯ ಮನೆ ಸೇರಿ ಇನ್ನೂ ಚಾ ಕುಡಿದು ಮುಗಿದಿರಲಿಲ್ಲ, ಅಣ್ಣ ಶುರು ಮಾಡಿದ. "ನಿನ್ನ ಪುಟ್ಟಿಯದ್ದು ಪಾಪ ಮಾರಾಯ. ಆ ಗೂಡಿನಂಥ ಫ್ಲ್ಯಾಟಲ್ಲಿ ಅದಕ್ಕೆ ಓಡ್ಲಿಕ್ಕೆ ಜಾಗ ಎಲ್ಲುಂಟು?" ಪುಟ್ಟಿ ನನ್ನ ನಾಯಿ. ಅವನು ಹಾಗೆ ಹೇಳುವಾಗ ಅವನ ನಾಯಿ ರಾಜ ಹಿಂದಿನ ಕೊಟ್ಟಿಗೆಯ ಕಂಬದಲ್ಲಿ ಸಂಕೋಲೆ ಎಳೆದುಕೊಂಡು ಕುಣಿಯುತ್ತಿತ್ತು.

ಎರಡೂ ಕಾಕರ್ ಸ್ಪೇನಿಯಲ್ ಜಾತಿ. ಒಂದು ಮುಂಬೈ ಹತ್ತಿರದ ಠಾಣೆಯ ಎರಡು ಕೋಣೆಯ ಮನೆಯಲ್ಲಿ, ಇನ್ನೊಂದು 70 ಸೆಂಟ್ಸ್ ತೆಂಗಿನ ತೋಟದಲ್ಲಿ. ನಾನು ರಾಜನನ್ನು ಎತ್ತಿಕೊಂಡು ತೂಕದ ಮೆಷಿನ್ ಹತ್ತಿ ನಿಂತೆ, ಆಮೇಲೆ ನನ್ನ ತೂಕ ಕಳೆದು ನೋಡಿದೆ. 19 ಕಿಲೋ! ಈ ಜಾತಿಯ ನಾಯಿ 13, 14 ಕಿಲೋ ಇದ್ದರೆ ಸರಿ. ಪುಟ್ಟಿ 12ರ ಆಸುಪಾಸು.

ಕಾರಣ ಸುಲಭ. ಫ್ಲ್ಯಾಟಲ್ಲಿ ಜಾಗ ಇಲ್ಲ, ಹಾಗಾಗಿ ಬೆಳಿಗ್ಗೆ ಆರಕ್ಕೆ ಒಮ್ಮೆ, ರಾತ್ರಿ ಊಟದ ಮೊದಲು ಒಮ್ಮೆ ಹೊರಗೆ ಕರೆದುಕೊಂಡು ಹೋಗಲೇಬೇಕು. ಮಳೆ ಇರಲಿ, ನನಗೆ ಜ್ವರ ಇರಲಿ, ಬೇರೆ ದಾರಿಯೇ ಇಲ್ಲ. ಊರಲ್ಲಿ ಜಾಗ ಉಂಟಲ್ಲ, ಮತ್ತೆ ವಾಕಿಂಗ್ ಎಂತಕ್ಕೆ? ಆದರೆ ಹಗಲು ಬಿಟ್ಟರೆ ಪಕ್ಕದ ಮನೆಯ ಕೋಳಿಗಳ ಹಿಂದೆ ಓಡುತ್ತದೆ ಅಂತ ಕಟ್ಟಿ ಹಾಕುತ್ತಾರೆ. ಓಡದೆ ಇರುತ್ತದಾ? ಪೊದೆಯೊಳಗೆ ಅಡಗಿದ ಹಕ್ಕಿಯನ್ನು ಎಬ್ಬಿಸಲಿಕ್ಕೆ ಅಂತಲೇ ಇಂಗ್ಲೆಂಡಿನ ಬೇಟೆಗಾರರು ಬೆಳೆಸಿದ ನಾಯಿ ಅದು, ವುಡ್‌ಕಾಕ್ ಅನ್ನುವ ಹಕ್ಕಿಯಿಂದಲೇ ಅದಕ್ಕೆ ಕಾಕರ್ ಅಂತ ಹೆಸರು. "ರಾತ್ರಿ ಬಿಡ್ತೇವಲ್ಲ" ಅಂತಾನೆ ಅಣ್ಣ. ರಾತ್ರಿ ಬಿಟ್ಟರೆ ಅದು ಸೀದಾ ಜಗಲಿಗೆ ಬಂದು ಮಲಗುತ್ತದೆ. ನಾನೇ ನೋಡಿದೆ.

ಆಮೇಲೆ ಕಿವಿ. ಎತ್ತಿದ ಕೂಡಲೇ ಮೂರು ದಿನ ಹೊರಗಿಟ್ಟ ದೋಸೆ ಹಿಟ್ಟಿನ ವಾಸನೆ. ಒಳಗೆ ಕೆಂಪು, ಅಂಚಿನಲ್ಲಿ ಕಂದು ಜಿಡ್ಡು, ತುದಿಯ ಕೂದಲಿಗೆ ಒಣಗಿದ ಗಂಜಿ. ಇವುಗಳ ಕಿವಿ ಮುಚ್ಚಳದ ಹಾಗೆ ಜೋತು ಬಿದ್ದಿರುತ್ತದೆ, ಮೇಲೆ ಕೂದಲು ಬೇರೆ. ಗಾಳಿ ಆಡುವುದಿಲ್ಲ. ಒಳಗಿನ ದಾರಿ ಕೆಳಗಿಳಿದು ಮತ್ತೆ ಅಡ್ಡ ತಿರುಗುತ್ತದೆ, ಹಾಗಾಗಿ ನೀರು ಹೋದರೆ ಅಲ್ಲೇ ನಿಲ್ಲುತ್ತದೆ. ನಮ್ಮ ಮಳೆಗಾಲದಲ್ಲಿ ಬಾಗಿಲಿನ ಹಿಂದೆ ನೇತು ಹಾಕಿದ ಅಂಗಿಗೇ ಬೂಸರು ಬರುತ್ತದೆ, ಇನ್ನು ಆ ಕಿವಿಯ ಅವಸ್ಥೆ ಹೇಳಬೇಕಾ?

ಪುಟ್ಟಿಗೆ ಬಾಗಿಲ ಹತ್ತಿರವೇ ಒಂದು ಹಳೆ ಬೈರಾಸು (ಟವೆಲ್) ಇಟ್ಟಿದ್ದೇವೆ. ಹೊರಗಿಂದ ಬಂದ ಕೂಡಲೇ ಕಾಲು, ಹೊಟ್ಟೆ, ಕಿವಿಯ ಒಳಮೈ ಒರೆಸುವುದು, ಬೆರಳ ಸಂದಿಯಲ್ಲಿ ಉಣ್ಣಿ ಉಂಟಾ ಅಂತ ನೋಡುವುದು. ವಾರಕ್ಕೊಮ್ಮೆ ಡಾಕ್ಟರು ಕೊಟ್ಟ ಔಷಧದ ನೀರು ಕಿವಿಗೆ ಬಿಟ್ಟು ಬುಡವನ್ನು ಮೆಲ್ಲ ತಿಕ್ಕಿದರೆ ಅದೇ ತಲೆ ಕೊಡವಿ ಕೊಳೆ ಹೊರಗೆ ಹಾಕುತ್ತದೆ, ಹೆಚ್ಚಾಗಿ ನನ್ನ ಅಂಗಿಯ ಮೇಲೆ. ಕಂಡಷ್ಟನ್ನು ಹತ್ತಿಯಲ್ಲಿ ಒರೆಸಿದರೆ ಆಯಿತು, ಕಡ್ಡಿ ಹಾಕಬಾರದು. ಊಟಕ್ಕೆ ಬಾಯಿ ಕಿರಿದಾದ ಆಳದ ಪಾತ್ರೆ, ಕಿವಿ ಹೊರಗೇ ಇರಲಿ ಅಂತ. ರಾಜನಿಗೆ ಅಗಲದ ಅಲ್ಯುಮಿನಿಯಂ ತಟ್ಟೆ, ಅದರಲ್ಲಿ ಕುಚ್ಚಲಕ್ಕಿ ಗಂಜಿ, ಮೇಲೆ ನೀರುಳ್ಳಿ ಹಾಕಿದ ಮೀನು ಸಾರು. ನೀರುಳ್ಳಿ ನಾಯಿಯ ರಕ್ತಕ್ಕೆ ಕೆಟ್ಟದು ಅಂದದ್ದಕ್ಕೆ ಅಣ್ಣ, "ನಮ್ಮ ಅಜ್ಜನ ಕಾಲದ ನಾಯಿಗಳು ಎಂತ ತಿಂತಿದ್ದವು?" ಅಂದ. ಅಜ್ಜನ ನಾಯಿಗೆ ಈ ಕಿವಿ ಇರಲಿಲ್ಲ, ಅದು ದಿನವಿಡೀ ಗದ್ದೆ ಸುತ್ತುತ್ತಿತ್ತು. ಜಗಳ ಬೇಡ ಅಂತ ಸುಮ್ನಾದೆ.

ಹೇಳದೆ ಇರುವುದು ಸರಿಯಲ್ಲ ಅಂತ ಇದನ್ನೂ ಹೇಳುತ್ತೇನೆ. ಹುಚ್ಚುನಾಯಿ ರೋಗದ ಇಂಜೆಕ್ಷನ್ ಅಣ್ಣ ಒಂದು ವರ್ಷವೂ ತಪ್ಪಿಸಿಲ್ಲ. ಮತ್ತೆ ಅಮ್ಮ. ಮಧ್ಯಾಹ್ನದ ಮೇಲೆ ಅಮ್ಮ ಕೊಟ್ಟಿಗೆಯ ಮೆಟ್ಟಿಲಲ್ಲಿ ಮಲ್ಲಿಗೆ ಕಟ್ಟುತ್ತಾ ಕೂತರೆ ರಾಜ ಅವಳ ಪಾದದ ಮೇಲೆ ತಲೆ ಇಟ್ಟು ಮಲಗುತ್ತದೆ. ಅಮ್ಮ ಅದಕ್ಕೆ ಅಟ್ಟೆಯ (ಮಲ್ಲಿಗೆ ಕಟ್ಟಿನ) ರೇಟು, ಸೊಸೆಯ ಮೇಲಿನ ದೂರು, ಎಲ್ಲವನ್ನೂ ತುಳುವಿನಲ್ಲಿ ಹೇಳುತ್ತಾಳೆ. ಪುಟ್ಟಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಒಂಟಿ. ಟಿವಿ ಹಾಕಿಟ್ಟು ಹೋಗುತ್ತೇವೆ. ಬಾಗಿಲ ಕೆಳಗಿನ ಮರವನ್ನು ಅದು ಕೆರೆದು ಕೆರೆದು ಬಿಳಿ ಮಾಡಿದೆ, ಇದನ್ನು ನಾನು ಅಣ್ಣನಿಗೆ ಹೇಳಲಿಲ್ಲ.

ಹೊರಡುವಾಗ ಒಂದು ಬೈರಾಸನ್ನು ಕೊಟ್ಟಿಗೆಯ ಮೊಳೆಗೆ ಸಿಕ್ಕಿಸಿ ಬಂದೆ. ಮೊನ್ನೆ ಅಣ್ಣ ಫೋನ್ ಮಾಡಿದ್ದ. ಡಾಕ್ಟರಿಗೆ ತೋರಿಸಿದನಂತೆ, ಕಿವಿಗೆ ಮದ್ದು ಬಿಡುತ್ತಿದ್ದಾನಂತೆ. "ವಾಕಿಂಗ್ ಮಾತ್ರ ಕೇಳ್ಬೇಡ ಮಾರಾಯ, ಊರವರು ನಗ್ತಾರೆ."